ಮಾತ್ರೆ ಚೀಲ ಸರಿ ಮಾಡುವುದು ಹೇಗೆ: ಡಬ್ಬಿ ಕೊಳ್ಳುವ ಮುಂಚಿನ ಕೆಲಸಗಳು

ಮಾತ್ರೆ ಡಬ್ಬಿ ತಂದರೂ ಗೊಂದಲ ಹೋಗಲಿಲ್ಲ ಅಂತ ಹೇಳಿಕೊಂಡು ಬರುವವರು ಈಚೆಗೆ ಜಾಸ್ತಿ. ವಾರದ ಏಳು ದಿನಕ್ಕೂ ಖಾನೆ ಇರುವ ಪ್ಲಾಸ್ಟಿಕ್ ಡಬ್ಬಿ ಬರುತ್ತದಲ್ಲ, ಅದು. ಮಗ ಬೆಂಗಳೂರಿನಿಂದ ತಂದಿರುತ್ತಾನೆ, ಭಾನುವಾರ ಕೂತು ತುಂಬಿಸಿಕೊಟ್ಟು ರಾತ್ರಿ ಬಸ್ಸಿಗೆ ಹೋಗಿರುತ್ತಾನೆ. ಬುಧವಾರದ ಹೊತ್ತಿಗೆ ಅಮ್ಮನಿಗೆ ತಲೆಸುತ್ತು. ಡಬ್ಬಿಯದೇನೂ ತಪ್ಪಿಲ್ಲ. ತಪ್ಪು ಮಾತ್ರೆಗಳನ್ನೇ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದಾರೆ, ಅಷ್ಟೆ.

ನಾನು ಹಾಸನದಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಒಬ್ಬ ರೋಗಿಗೆ ಬರೆದ ಔಷಧಿಗಳನ್ನೆಲ್ಲ ಒಟ್ಟಿಗೆ ಇಟ್ಟು, ಒಂದಕ್ಕೊಂದು ಹೊಂದುತ್ತವಾ, ಡೋಸ್ ಸರಿ ಇದೆಯಾ ಅಂತ ನೋಡುವುದು ನನ್ನ ಕೆಲಸ. ನಮ್ಮ ಕಡೆ ಹೃದಯಕ್ಕೆ ಮಂಗಳೂರು, ಮಂಡಿಗೆ ಬೆಂಗಳೂರು, ಶುಗರ್‌ಗೆ ಹಾಸನ, ಜ್ವರಕ್ಕೆ ಊರಿನ ಕ್ಲಿನಿಕ್. ನಾಲ್ವರೂ ಒಳ್ಳೆಯ ಡಾಕ್ಟರೇ ಇರಬಹುದು. ಆದರೆ ನಾಲ್ಕು ಚೀಟಿಯನ್ನೂ ಒಟ್ಟಿಗೆ ನೋಡಿದವರು ಒಬ್ಬರೂ ಇರುವುದಿಲ್ಲ. ಆ ಕೆಲಸ ಮನೆಯಲ್ಲೇ ಶುರುವಾಗಬೇಕು, ಅದೂ ಕ್ರಮವಾಗಿ. ಹೆಚ್ಚಿನವರು ಎಡವುವುದು ಕ್ರಮದಲ್ಲೇ. ಕೊನೆಯ ಕೆಲಸವನ್ನು ಮೊದಲು ಮಾಡಿರುತ್ತಾರೆ.

## ಏನೇನು ಬೇಕು

ದೊಡ್ಡ ಮೇಜು, ಇಲ್ಲವೇ ಚಾಪೆ. ಹಗಲು ಬೆಳಕು. ನೋಟ್‌ಬುಕ್, ಪೆನ್ನು, ಒಂದು ಮಾರ್ಕರ್. ಕ್ಯಾಮೆರಾ ಇರುವ ಫೋನು, ಸ್ಟ್ರಿಪ್ ಮೇಲಿನ ಸಣ್ಣ ಅಕ್ಷರದ ಫೋಟೋ ತೆಗೆದು ದೊಡ್ಡದು ಮಾಡಿ ಓದಲು. ಎಲ್ಲಾ ಹಳೇ ಚೀಟಿ, ಡಿಸ್ಚಾರ್ಜ್ ಸಮ್ಮರಿ, ರಕ್ತ ಪರೀಕ್ಷೆಯ ರಿಪೋರ್ಟು. ಎರಡು ಗಂಟೆ ಪುರುಸೊತ್ತು. ಮಾತ್ರೆ ನುಂಗುವವರು ಪಕ್ಕದಲ್ಲೇ ಕೂತಿರಬೇಕು, ಅವರನ್ನು ಬಿಟ್ಟು ಈ ಕೆಲಸ ಆಗುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಮಾತು. ಏನೇ ತಪ್ಪು ಕಂಡರೂ ನೀವೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಗುರುತು ಹಾಕಿ, ಕೇಳಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಗಡ್ಡೆ ಕಟ್ಟದಿರಲಿ ಅಂತ ನುಂಗುವ ಕ್ಲೋಪಿಡೋಗ್ರೆಲ್, ಫಿಟ್ಸ್ ಮಾತ್ರೆ, ಬಹಳ ದಿನದಿಂದ ನುಂಗುತ್ತಿರುವ ಸ್ಟೀರಾಯ್ಡ್, ಮೆಟೋಪ್ರೊಲಾಲ್‌ನಂಥ ಹೃದಯದ ಮಾತ್ರೆ, ಇವನ್ನು ದಿಢೀರ್ ಬಿಟ್ಟರೆ ಪ್ರಾಣಕ್ಕೇ ಬರಬಹುದು.

## ಹಂತ 1: ಎಲ್ಲವನ್ನೂ ಹೊರಗೆ ತೆಗೆಯಿರಿ

"ಎಲ್ಲಾ ತಂದಿದ್ದೀನಿ" ಅಂತ ಹೇಳುವವರು ಸಾಮಾನ್ಯವಾಗಿ ಅರ್ಧ ತಂದಿರುತ್ತಾರೆ. ಫ್ರಿಜ್ಜಿನ ತಲೆ, ದೇವರ ಗೂಡಿನ ಪಕ್ಕ, ದಿಂಬಿನ ಕೆಳಗೆ, ಅಂಗಿ ಜೇಬು, ವ್ಯಾನಿಟಿ ಬ್ಯಾಗು, ಖಾಲಿ ಬಿಸ್ಕತ್ತು ಡಬ್ಬಿ, ಎಲ್ಲಾ ಕಡೆ ಹುಡುಕಿ.

ಮಾತ್ರೆ ಮಾತ್ರ ಅಲ್ಲ. ಕಣ್ಣಿನ ಹನಿ, ಮುಲಾಮು, ಇನ್‌ಹೇಲರ್, ಇನ್ಸುಲಿನ್, ಕ್ಯಾಲ್ಸಿಯಂ, ಟಾನಿಕ್, ನಾಟಿ ವೈದ್ಯರ ಪುಡಿ, ಟಿವಿ ನೋಡಿ ತರಿಸಿದ ಮಂಡಿನೋವಿನ ಎಣ್ಣೆ, ಪಕ್ಕದ ಮನೆಯವರು "ನಂಗೆ ಇದ್ರಲ್ಲೇ ವಾಸಿ ಆಯ್ತು" ಅಂತ ಕೊಟ್ಟ ನಾಲ್ಕು ಮಾತ್ರೆ. ಹೆಸರೇ ಇಲ್ಲದ ಪೊಟ್ಟಣದಲ್ಲಿ ಕಟ್ಟಿಕೊಟ್ಟ "ನೋವಿನ ಸೆಟ್ಟು" ಇದ್ದರೆ ಅದನ್ನು ಬೇರೆ ಇಡಿ. ಆಲೂರು ಕಡೆಯ ಅಜ್ಜಿಯೊಬ್ಬರು ಅಂಥದ್ದನ್ನು ವರ್ಷದ ಮೇಲೆ ನುಂಗಿದ್ದರು. ಮುಖ ಊದಿ ದುಂಡಗಾಗಿತ್ತು, ಶುಗರ್ ಹತೋಟಿಗೆ ಬರುತ್ತಿರಲಿಲ್ಲ. "ಅದು ಮಾತ್ರೆ ಅಲ್ಲ ಕಣಪ್ಪ, ಬರೀ ಕಾಲುನೋವಿಂದು" ಅಂದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಅದನ್ನು ಒಂದೇ ಸಲ ನಿಲ್ಲಿಸುವ ಹಾಗೂ ಇರಲಿಲ್ಲ, ಡಾಕ್ಟರು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕಾಯಿತು.

## ಹಂತ 2: ಬೇಡದ್ದನ್ನು ಆರಿಸಿ ಹಾಕಿ

ಎಕ್ಸ್‌ಪೈರಿ 05/2026 ಅಂತ ಇದ್ದರೆ ಆ ಮೇ ತಿಂಗಳ ಕೊನೆಯ ದಿನದವರೆಗೆ ಸರಿ. ಹೆಸರಾಗಲೀ ತಾರೀಖಾಗಲೀ ಕಾಣದ ತುಂಡು ಸ್ಟ್ರಿಪ್ಪು, ಬಣ್ಣ ತಿರುಗಿದ್ದು, ಅಂಟಂಟಾಗಿದ್ದು ಬೇಡ. ತೆರೆದು ಒಂದು ತಿಂಗಳು ದಾಟಿದ ಕಣ್ಣಿನ ಹನಿಯೂ ಬೇಡ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಸ್ಟ್ರಿಪ್ಪಿನಿಂದ ಬಿಡಿಸಿಟ್ಟ ಮಾತ್ರೆ ಉಳಿಯುತ್ತದಾ?

ಹಿಂದೆ ಯಾವಾಗಲೋ ಅರ್ಧ ನುಂಗಿ ಬಿಟ್ಟ ಆಂಟಿಬಯೋಟಿಕ್ ಸಿಗುತ್ತದೆ, ಖಂಡಿತ ಸಿಗುತ್ತದೆ. "ಮುಂದಿನ ಜ್ವರಕ್ಕೆ ಇರಲಿ" ಅಂತ ಎತ್ತಿಡಬೇಡಿ.

ಬಿಸಾಡುವಾಗ ಬಚ್ಚಲಿಗೋ ಬಾವಿ ಕಡೆಗೋ ಹಾಕಬೇಡಿ. ಮಾತ್ರೆ ಬಿಡಿಸಿ ಕಾಫಿ ಗಸಿಯ ಜೊತೆ ಕಲಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ನಮ್ಮಲ್ಲಿ ಗಸಿಗೇನೂ ಬರ ಇಲ್ಲ. ನಾಯಿಯಾಗಲೀ ಮಗುವಾಗಲೀ ಅದನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ.

## ಹಂತ 3: ಒಳಗಿರುವ ಔಷಧಿಯ ಹೆಸರು ಬರೆಯಿರಿ

ಇಲ್ಲೇ ಮುಕ್ಕಾಲು ಜನ ಸೋಲುವುದು. ಸ್ಟ್ರಿಪ್ ಮೇಲೆ ಎರಡು ಹೆಸರು ಇರುತ್ತವೆ. ಕಂಪನಿ ಇಟ್ಟ ಹೆಸರು ಒಂದು, ಒಳಗಿರುವ ಔಷಧಿಯ ಹೆಸರು ಇನ್ನೊಂದು. ಡೋಲೋ ಕಂಪನಿ ಇಟ್ಟ ಹೆಸರು, ಪ್ಯಾರಾಸಿಟಮಾಲ್ ಔಷಧಿ. ನಮಗೆ ಬೇಕಾದ್ದು ಎರಡನೆಯದು. ಓದಲು ಕಷ್ಟವಾದರೆ ಪ್ಯಾಕಿನ ಮೇಲೆ ಕ್ಯೂಆರ್ ಕೋಡ್ ಇದೆಯಾ ನೋಡಿ. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳಿಗೆ ಅದು ಕಡ್ಡಾಯ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಔಷಧಿಯ ಹೆಸರು, ಬ್ಯಾಚು, ಎಕ್ಸ್‌ಪೈರಿ ಎಲ್ಲಾ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಆರು ಕಾಲಂ ಎಳೆಯಿರಿ: ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಕಂಪನಿ ಹೆಸರು, ಯಾವಾಗ, ಯಾತಕ್ಕೆ, ಯಾರು ಬರೆದದ್ದು. "ಯಾತಕ್ಕೆ" ಖಾಲಿ ಬಿಡಬೇಡಿ. ಗೊತ್ತಿಲ್ಲದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ. ಯಾತಕ್ಕೆ ಅಂತ ಯಾರಿಗೂ ಗೊತ್ತಿಲ್ಲದೆ ವರ್ಷಗಟ್ಟಲೆ ನಡೆದುಕೊಂಡು ಬಂದ ಮಾತ್ರೆ ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ಹೆಚ್ಚಾಗಿ ಅದು ಗ್ಯಾಸ್ ಮಾತ್ರೆ.

ಚೀಟಿಯ ಭಾಷೆ: ಓಡಿ ಅಂದರೆ ದಿನಕ್ಕೆ ಒಂದು ಸಲ, ಬಿಡಿ ಅಂದರೆ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ, ಎಸ್‌ಒಎಸ್ ಬೇಕೆನಿಸಿದಾಗ ಮಾತ್ರ. ನಗಬೇಡಿ, "ಚೀಟೀಲಿ ಬಿಡಿ ಅಂತ ಇತ್ತಲ್ಲ, ಅದಕ್ಕೇ ಬಿಟ್ಟೆ" ಅಂತ ಬಿಪಿ ಮಾತ್ರೆ ನಿಲ್ಲಿಸಿದವರನ್ನು ನೋಡಿದ್ದೇನೆ.

ಜನೌಷಧಿ ಕೇಂದ್ರದಿಂದಲೋ ಸರ್ಕಾರಿ ಆಸ್ಪತ್ರೆಯಿಂದಲೋ ತಂದ ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿ ಇರುವುದೇ ಔಷಧಿಯ ಹೆಸರು. ಹಳೇ ಕಂಪನಿ ಹೆಸರು ಇಲ್ಲದ್ದರಿಂದ ಇದೇನೋ ಹೊಸ ಮಾತ್ರೆ ಅಂದುಕೊಂಡು ಎರಡನ್ನೂ ನುಂಗುವವರಿದ್ದಾರೆ. ಪಟ್ಟಿ ಬರೆದಾಗ ಅದು ತಾನಾಗಿಯೇ ಹೊರಬೀಳುತ್ತದೆ.

## ಹಂತ 4: ಜೋಡಿ ಮಾತ್ರೆ, ಜಗಳದ ಮಾತ್ರೆ ಹುಡುಕಿ

ಈಗ ಮಾರ್ಕರ್ ಎತ್ತಿಕೊಳ್ಳಿ. ಒಂದೇ ಔಷಧಿ ಎರಡು ಸಾಲಿನಲ್ಲಿ ಬಂದಿದೆಯಾ? ಕಂಪನಿ ಹೆಸರಿನ ಬಾಲ ನೋಡುವುದು ಇಲ್ಲಿ ಮುಖ್ಯ. ಬಿಪಿ ಮಾತ್ರೆಯಲ್ಲಿ ಟೆಲ್ಮಾ ಬೇರೆ, ಟೆಲ್ಮಾ ಎಎಂ ಬೇರೆ, ಟೆಲ್ಮಾ ಎಚ್ ಬೇರೆ. ಎಎಂ ಅಂದರೆ ಒಳಗೆ ಆಮ್ಲೋಡಿಪಿನ್ ಅನ್ನುವ ಇನ್ನೊಂದು ಬಿಪಿ ಔಷಧಿ ಸೇರಿದೆ. ಅದರ ಜೊತೆ ಇನ್ನೊಬ್ಬ ಡಾಕ್ಟರು ಬರೆದ ಆಮ್ಲಾಂಗ್ ನುಂಗಿದರೆ ಆಮ್ಲೋಡಿಪಿನ್ ಎರಡೆರಡು ಆಯಿತು. ಪಾದ ಊದುತ್ತದೆ, ಏಳುವಾಗ ಕಣ್ಣು ಕತ್ತಲೆ ಬರುತ್ತದೆ. ಆಮೇಲೆ ಕಾಲು ಊತಕ್ಕೆ ಅಂತ ನೀರು ಹೋಗುವ ಮಾತ್ರೆ ಬೇರೆ ಶುರುವಾಗುತ್ತದೆ!

ಇನ್ನೂ ಕೆಲವು ಜೋಡಿ. ಗ್ಲೈಕೋಮೆಟ್ ಜಿಪಿ, ಗ್ಲುಕೋನಾರ್ಮ್ ಜಿ, ಎರಡರೊಳಗೂ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಇವೆ. ಎರಡನ್ನೂ ನುಂಗಿದರೆ ಶುಗರ್ ಪಾತಾಳಕ್ಕೆ. ಇಕೋಸ್ಪ್ರಿನ್ ಎವಿ ಒಳಗೆ ಆಸ್ಪಿರಿನ್, ಅಟೋರ್ವಾಸ್ಟಾಟಿನ್ ಎರಡೂ ಇವೆ, ಪಕ್ಕದಲ್ಲಿ ಬರೀ ಇಕೋಸ್ಪ್ರಿನ್ ಇದ್ದರೆ ಕೇಳಬೇಕು.

ಪ್ಯಾರಾಸಿಟಮಾಲ್‌ನದು ಬೇರೆಯೇ ಕಥೆ. ಅದು ಎಲ್ಲಾ ಕಡೆ ನುಸುಳಿರುತ್ತದೆ. ಜ್ವರಕ್ಕೆ 650ರ ಮಾತ್ರೆ ಮೂರು ಹೊತ್ತು, ಆಯಿತು 1950 ಮಿಲಿಗ್ರಾಂ. ಮೈಕೈ ನೋವಿಗೆ ಜೀರೋಡಾಲ್ ಪಿ ಎರಡು ಹೊತ್ತು, ಅದರಲ್ಲಿ 325ರಂತೆ 650. ನೆಗಡಿಗೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಮಾತ್ರೆ ಮೂರು ಹೊತ್ತು, 1500. ಕೂಡಿ ನೋಡಿ, 4100. ಆರೋಗ್ಯವಾಗಿರುವ ದೊಡ್ಡವರಿಗೂ ದಿನದ ಮಿತಿ 4000. ಲಿವರ್ ತೊಂದರೆ ಇದ್ದರೆ, ಕುಡಿತ ಇದ್ದರೆ, ಮೈ ಸಣಕಲಾಗಿದ್ದರೆ ಮಿತಿ ಇನ್ನೂ ಕಡಿಮೆ.

ಜಗಳದ ಮಾತ್ರೆಗಳಲ್ಲಿ ನನಗೆ ತಲೆನೋವಾಗಿರುವುದು ನೋವಿನ ಮಾತ್ರೆಗಳೇ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್. ಟೆಲ್ಮಾ ಎಚ್ ಒಳಗೆ ಬಿಪಿ ಇಳಿಸುವ ಟೆಲ್ಮಿಸಾರ್ಟಾನ್ ಜೊತೆಗೆ ನೀರು ಹೋಗುವ ಔಷಧಿಯೂ ಇದೆ. ಅದರ ಮೇಲೆ ತೋಟದ ಕೆಲಸ ಮಾಡಿ ಸೊಂಟ ಹಿಡಿದಿದೆ ಅಂತ ನೋವಿನ ಮಾತ್ರೆ ಹದಿನೈದು ದಿನ ನುಂಗಿದರೆ ಮೂರೂ ಸೇರಿ ಕಿಡ್ನಿಗೆ ಹೊಡೆಯುತ್ತವೆ. ವಯಸ್ಸಾದವರಿಗೆ, ಶುಗರ್ ಇರುವವರಿಗೆ, ಬೇಸಿಗೆಯಲ್ಲಿ ನೀರು ಕಡಿಮೆ ಕುಡಿಯುವವರಿಗೆ ಬೇಗ ಹೊಡೆಯುತ್ತವೆ. ಮೂತ್ರ ಕಡಿಮೆ ಆಗುವುದು, ಮುಖ ಕಾಲು ಊದುವುದು ಇದರ ಸೂಚನೆ. ಒಮ್ಮೊಮ್ಮೆ ಸೂಚನೆಯೇ ಇರುವುದಿಲ್ಲ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲೇ ಗೊತ್ತಾಗುವುದು.

ಜ್ವರಕ್ಕೂ ಇವನ್ನು ನೀವಾಗಿಯೇ ತಂದು ನುಂಗಬೇಡಿ. ಮಳೆಗಾಲದಲ್ಲಿ ಡೆಂಗ್ಯೂ ಇರುತ್ತದೆ, ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಮಂಗನ ಕಾಯಿಲೆ ಇರುತ್ತದೆ. ಎರಡರಲ್ಲೂ ರಕ್ತಸ್ರಾವದ ಭಯ ಇದೆ, ನೋವಿನ ಮಾತ್ರೆ ಅದನ್ನು ಹೆಚ್ಚಿಸುತ್ತದೆ. ಯಾವ ಜ್ವರ ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ.

ಕೆಂಪು ಮಾರ್ಕರ್ ಹಾಕಲೇಬೇಕಾದ ಎರಡು ಬಗೆ:

ಮೆಥೋಟ್ರೆಕ್ಸೇಟ್. ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ಕೊಡುತ್ತಾರೆ. ಇದು ವಾರಕ್ಕೆ ಒಂದೇ ದಿನ. ಬೇರೆ ಮಾತ್ರೆಗಳ ಹಾಗೆ ದಿನಾ ನುಂಗಿ ಸತ್ತವರಿದ್ದಾರೆ. ಬಾಯಿ ಹುಣ್ಣು, ಜ್ವರ, ಸುಸ್ತು ಶುರುವಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಪಟ್ಟಿಯಲ್ಲಿ ವಾರದ ಹೆಸರು ಬರೆಯಿರಿ, "ಸೋಮವಾರ ಮಾತ್ರ" ಅಂತ.

ಅಸಿಟ್ರೋಮ್, ವಾರ್ಫರಿನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ಹೃದಯದ ವಾಲ್ವ್ ಬದಲಿಸಿದವರ ಮನೆಯಲ್ಲಿ ಇರುತ್ತವೆ. ಇವುಗಳ ಜೊತೆ ನೋವಿನ ಮಾತ್ರೆ, ಹಲವು ಆಂಟಿಬಯೋಟಿಕ್, ನಾಟಿ ಔಷಧಿ ಯಾವುದನ್ನೂ ಕೇಳದೆ ಸೇರಿಸಬಾರದು. ಸೊಪ್ಪು ತಿನ್ನಬೇಡಿ ಅಂತಲ್ಲ. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ, ಹಾಗೆ ಮಾಡಬೇಡಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ. ಮಲ ಟಾರಿನ ಹಾಗೆ ಕಪ್ಪಗಾದರೆ, ವಸಡಿನಲ್ಲಿ ರಕ್ತ ನಿಲ್ಲದಿದ್ದರೆ, ಬಿದ್ದು ತಲೆಗೆ ಪೆಟ್ಟಾದರೆ ನಾಳೆ ನೋಡೋಣ ಅನ್ನಬೇಡಿ.

ಅರಸೀಕೆರೆ ಕಡೆಯವರಿಗೆ ಒಂದು ಮಾತು. ಕಿಡ್ನಿ ಸುಸ್ತಾಗಿರುವವರು ಟೆಲ್ಮಿಸಾರ್ಟಾನ್ ಜೊತೆ ಸ್ಪೈರೊನೊಲಾಕ್ಟೋನ್ ಅನ್ನುವ ನೀರು ಹೋಗುವ ಮಾತ್ರೆ ನುಂಗುತ್ತಿದ್ದರೆ ಅವರಿಗೆ ದಿನಾ ಎಳನೀರು ಬೇಡ. ಎರಡು ಮಾತ್ರೆಯೂ ಪೊಟ್ಯಾಸಿಯಂ ಏರಿಸುತ್ತವೆ, ಎಳನೀರಿನಲ್ಲೂ ಅದೇ ತುಂಬಿದೆ. ಪೊಟ್ಯಾಸಿಯಂ ಜಾಸ್ತಿಯಾದರೆ ಎದೆಬಡಿತವೇ ತಪ್ಪುತ್ತದೆ.

## ಹಂತ 5: ಪಟ್ಟಿ ತೋರಿಸಿ, ಮೂರು ಪ್ರಶ್ನೆ ಕೇಳಿ

ಎಲ್ಲಾ ಔಷಧಿ ಚೀಲದಲ್ಲಿ ಹಾಕಿಕೊಂಡು, ಪಟ್ಟಿ ಮೇಲಿಟ್ಟುಕೊಂಡು ಹೋಗಿ. ಶುಗರ್, ಬಿಪಿ ನೋಡುವ ಹತ್ತಿರದ ಡಾಕ್ಟರೇ ಸಾಕು. ದೊಡ್ಡ ಆಸ್ಪತ್ರೆಯಾದರೆ ಕ್ಲಿನಿಕಲ್ ಫಾರ್ಮಸಿಸ್ಟ್ ಇದ್ದಾರಾ ಕೇಳಿ. "ಎಲ್ಲಾ ಸರಿ ಇದೆಯಾ ಡಾಕ್ಟ್ರೇ?" ಅಂತ ಕೇಳಿದರೆ "ಹೂಂ" ಅಂತ ಉತ್ತರ ಬರುತ್ತದೆ. ಹಾಗಲ್ಲ, ಹೀಗೆ ಕೇಳಿ: ಮಾರ್ಕ್ ಮಾಡಿದ ಈ ಎರಡು ಒಂದೇನಾ? ಇದರಲ್ಲಿ ಈಗ ಬೇಡವಾದದ್ದು ಯಾವುದು? ಕಿಡ್ನಿ ರಿಪೋರ್ಟ್ ಇದು, ಈ ಡೋಸ್ ಇದಕ್ಕೆ ಹೊಂದುತ್ತಾ?

ಶುಗರ್ ಮಾತ್ರೆ ಜೋಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಜೋಡಿ, ದಿನಾ ನುಂಗುತ್ತಿರುವ ಮೆಥೋಟ್ರೆಕ್ಸೇಟ್ ಕಂಡರೆ ಮುಂದಿನ ಡೋಸಿಗೆ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಿ. ಉಳಿದದ್ದು ಒಂದೆರಡು ದಿನ ಕಾಯಬಹುದು.

## ಹಂತ 6: ಹೊತ್ತು ಗೊತ್ತು ಮಾಡಿ

ಡಾಕ್ಟರು ಒಪ್ಪಿದ ಪಟ್ಟಿಯನ್ನು ಮನೆಯ ದಿನಚರಿಗೆ ಹೊಂದಿಸಬೇಕು. ನಮ್ಮ ಜಿಲ್ಲೆಗಳಲ್ಲಿ ಎಡವಟ್ಟಾಗುವುದು ಬೆಳಗಿನ ಕಾಫಿಯ ಹತ್ತಿರ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ, ತಿಂಡಿಯೂ ಬೇಡ. ಕಾಫಿ ಜೊತೆ ನುಂಗಿದರೆ ಔಷಧಿ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಥೈರಾಯ್ಡ್ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಏರುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ. ಕಾಫಿನಾಡಿನಲ್ಲಿ ಇದನ್ನು ಹೇಳಿದರೆ ಮುಖ ಸಿಂಡರಿಸುತ್ತಾರೆ, ಆದರೂ ಹೇಳಲೇಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಲಿ. ಅವನ್ನು ಮಧ್ಯಾಹ್ನ ಅಥವಾ ರಾತ್ರಿ ಊಟಕ್ಕೆ ತಳ್ಳಿ.

ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮುಂಚೆ. ಮೂಳೆಗೆ ಕೊಡುವ ವಾರದ ಮಾತ್ರೆ ಅಲೆಂಡ್ರೊನೇಟ್ ಆದರೆ ಒಂದು ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ಮಲಗದೆ ಕೂತಿರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ.

ಗ್ಲಿಮೆಪಿರೈಡ್ ಇರುವ ಶುಗರ್ ಮಾತ್ರೆ ನುಂಗಿದ ಮೇಲೆ ಊಟ ತಪ್ಪಬಾರದು. ಶಿವರಾತ್ರಿ, ಏಕಾದಶಿ, ರಂಜಾನ್ ಉಪವಾಸ ಇದ್ದರೆ ಅದಕ್ಕೆ ಮುಂಚೆಯೇ ಡೋಸ್ ಬಗ್ಗೆ ಕೇಳಿಕೊಳ್ಳಿ. ಬೆವರು, ಕೈ ನಡುಕ, ತೊದಲು, ಸುಮ್ನೆ ಸಿಟ್ಟು, ಇವು ಲೋ ಶುಗರ್ ಲಕ್ಷಣ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಮರೆತ ಡೋಸಿಗೆ ಮುಂದಿನ ಹೊತ್ತು ಎರಡು ನುಂಗುವುದು ಬೇಡ. ವಾಂತಿ ಭೇದಿ ಹಿಡಿದ ದಿನ ಬಿಪಿ ಮಾತ್ರೆ, ನೀರು ಹೋಗುವ ಮಾತ್ರೆ, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್‌ನಂಥ ಶುಗರ್ ಮಾತ್ರೆ ನುಂಗಬೇಕಾ ಅಂತ ಫೋನ್ ಮಾಡಿ ಕೇಳಿ.

## ಹಂತ 7: ಈಗ ಡಬ್ಬಿ ತುಂಬಿಸಿ

ವಾರಕ್ಕೊಮ್ಮೆ, ಪಟ್ಟಿ ನೋಡಿಕೊಂಡು, ಒಬ್ಬರೇ ತುಂಬಿಸಬೇಕು. ಇಬ್ಬರು ಕೈ ಹಾಕಿದರೆ ಒಂದು ಖಾನೆಗೆ ಎರಡು ಬೀಳುತ್ತದೆ. ಬಾಟಲಿಯಲ್ಲಿ ಬರುವ ಥೈರಾಯ್ಡ್ ಮಾತ್ರೆ ಬಾಟಲಿಯಲ್ಲೇ ಇರಲಿ, ಥಂಡಿ ತಾಗಬಾರದು. ಮೆಥೋಟ್ರೆಕ್ಸೇಟ್ ಬೇರೆ ಕಡೆ, ಬೀಗದೊಳಗೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ಜೇಬಿನಲ್ಲಿ.

ಎಸ್‌ಆರ್, ಎಕ್ಸ್‌ಆರ್, ಇಆರ್, ರಿಟಾರ್ಡ್ ಅಂತ ಇದ್ದರೆ ಜಜ್ಜಬೇಡಿ, ಪುಡಿ ಮಾಡಿ ಗಂಜಿಗೆ ಬೆರೆಸಬೇಡಿ. ಇಡೀ ದಿನಕ್ಕೆ ಬಿಡಬೇಕಾದ ಔಷಧಿ ಒಮ್ಮೆಗೇ ಒಳಗೆ ಹೋಗುತ್ತದೆ. ನುಂಗಲಾಗದಿದ್ದರೆ ಬೇರೆ ರೂಪ ಬರೆದುಕೊಡಿ ಅಂತ ಡಾಕ್ಟರನ್ನೇ ಕೇಳಿ. ಹಾಗೆಯೇ ಉಬ್ಬಸದ ರೋಟಾಕ್ಯಾಪ್ ನುಂಗುವ ಕ್ಯಾಪ್ಸೂಲ್ ಅಲ್ಲ, ಯಂತ್ರದಲ್ಲಿ ಹಾಕಿ ಎಳೆಯುವುದು. ಅದನ್ನು ಮೂರು ತಿಂಗಳು ನೀರಿನ ಜೊತೆ ನುಂಗಿ "ಏನೂ ಪ್ರಯೋಜನ ಇಲ್ಲ" ಅಂದವರೊಬ್ಬರು ಬಂದಿದ್ದರು. ಡಬ್ಬಿಗೆ ಅದನ್ನು ತುಂಬಿಸಿಕೊಟ್ಟಿದ್ದು ಓದಿದ ಮಗಳೇ.

## ಹಂತ 8: ಇನ್ಸುಲಿನ್ ಇದ್ದರೆ

ಬಾಟಲಿ ಮೇಲೆ 40 ಅಂತ (ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್) ಇದ್ದರೆ ಕೆಂಪು ಮುಚ್ಚಳದ ಸಿರಿಂಜ್, 100 ಅಂತ ಇದ್ದರೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಏನಾಗುತ್ತದೆ ಲೆಕ್ಕ ಹಾಕಿ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಬರುವುದು 50 ಯೂನಿಟ್. ಇನ್ಸುಲಿನ್ ಪೆನ್ನು ಕೆಟ್ಟಾಗ ಅದರ ಕಾರ್ಟ್ರಿಡ್ಜ್‌ನಿಂದ ಸಿರಿಂಜಿಗೆ ಎಳೆಯುವವರು ಈ ತಪ್ಪು ಮಾಡುತ್ತಾರೆ. ಅದನ್ನು ಮಾಡಲೇಬೇಡಿ.

ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿ. ಫ್ರೀಜರ್ ಹತ್ತಿರ ಬೇಡ, ಒಮ್ಮೆ ಗಡ್ಡೆ ಕಟ್ಟಿದ್ದು ಕರಗಿದರೂ ಬಿಸಾಡಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಬಾಟಲಿಯನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ, ನೀರು ಹಾಕಿ ತಣ್ಣಗಿಟ್ಟ ಮಣ್ಣಿನ ಮಡಕೆಯೊಳಗೆ ನೆನೆಯದ ಹಾಗೆ ಇಡಬಹುದು. ಶಿರಾಡಿ ಘಾಟ್ ಕುಸಿದು ಮಂಗಳೂರಿನ ದಾರಿ ಮುಚ್ಚುವ ಜೂನ್‌ನಿಂದ ಆಗಸ್ಟ್‌ವರೆಗೆ, ಅಲ್ಲಿಂದಲೇ ಔಷಧಿ ತರುವವರು ಹತ್ತು ದಿನದ್ದು ಜಾಸ್ತಿ ಇಟ್ಟುಕೊಳ್ಳಿ.

## ಹಂತ 9: ಮೊದಲ ಹದಿನೈದು ದಿನ ಗಮನ ಇಡಿ

ಪಟ್ಟಿ ಬದಲಾದ ಮೇಲೆ ದಿನಾ ಬಿಪಿ, ಶುಗರ್ ಬರೆದಿಡಿ. ಹೊಸ ಮಾತ್ರೆ ಶುರುವಾದ ಮೇಲೆ ಬಂದ ಯಾವ ತೊಂದರೆಗೂ ಮೊದಲು ಆ ಮಾತ್ರೆಯನ್ನೇ ಅನುಮಾನಿಸಿ. ಒಣ ಕೆಮ್ಮು, ತುರಿಕೆ, ಮಲಬದ್ಧತೆ, ನಿದ್ದೆಗಣ್ಣು, ಬೀಳುವುದು, ಎಲ್ಲವೂ ಲೆಕ್ಕಕ್ಕೆ. ಮೈಮೇಲೆ ಗುಳ್ಳೆ ಎದ್ದು ಬಾಯಿ, ಕಣ್ಣು ಸುಲಿದ ಹಾಗಾದರೆ, ತುಟಿ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಸ್ಟ್ರಿಪ್ಪು ಕೈಯಲ್ಲಿರಲಿ. ಅಡ್ಡಪರಿಣಾಮವನ್ನು 1800-180-3024ಕ್ಕೆ ಫೋನ್ ಮಾಡಿ ಯಾರು ಬೇಕಾದರೂ ತಿಳಿಸಬಹುದು, ದುಡ್ಡು ಬೀಳುವುದಿಲ್ಲ.

## ಹಂತ 10: ಪಟ್ಟಿ ಹಳೆಯದಾಗದಿರಲಿ

ಒಂದು ಪ್ರತಿ ಫ್ರಿಜ್ಜಿನ ಬಾಗಿಲಿಗೆ, ಒಂದು ಪರ್ಸಿಗೆ, ಫೋಟೋ ಮಕ್ಕಳ ಫೋನಿಗೆ. ಮೇಲೆ ತಾರೀಖು, ಆಗದ ಔಷಧಿಯ ಹೆಸರು ದೊಡ್ಡದಾಗಿ ಬರೆಯಿರಿ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲು ಕೀಳಿಸಲು ಹೋದರೂ, ಬಾಯಿ ತೆಗೆಯುವ ಮುಂಚೆ ಪಟ್ಟಿ ಮೇಜಿನ ಮೇಲಿಡಿ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನವಂತೂ ಹಳೇ ಪಟ್ಟಿ, ಹೊಸ ಸಮ್ಮರಿ ಅಕ್ಕಪಕ್ಕ ಇಟ್ಟು ನರ್ಸ್ ಎದುರಿಗೇ ಕೇಳಿ: ಹಳೆಯದರಲ್ಲಿ ಯಾವುದು ಮುಂದುವರಿಯಬೇಕು, ಯಾವುದು ನಿಂತಿದೆ? ಸಮ್ಮರಿಯಲ್ಲಿ ಹೊಸದು ಮಾತ್ರ ಬರೆದು ಹಳೆಯದರ ಸುದ್ದಿಯೇ ಎತ್ತದಿರುವುದು ಮಾಮೂಲಿ. ಬಸ್ ಹತ್ತಿದ ಮೇಲೆ ಅದನ್ನು ಹೇಳುವವರು ಸಿಗುವುದಿಲ್ಲ.

ಮಾತ್ರೆ ಒಂದು ಬದಲಾದರೂ ಪಟ್ಟಿ ಪೂರ್ತಿ ಹೊಸದಾಗಿ ಬರೆಯಿರಿ, ಗೀಚಿ ತಿದ್ದಬೇಡಿ. ಹಳೆಯದನ್ನು ಹರಿದು ಒಲೆಗೆ ಹಾಕಿ. ಎತ್ತಿಟ್ಟರೆ ಅವಸರದಲ್ಲಿ ಅದೇ ಕೈಗೆ ಸಿಗುತ್ತದೆ.